ಸಂಸ್ಥಾನದ ಸೈನ್ಯದ ಲೆಕ್ಕಾನೂ ಜನಕ್ಕೆ ತೋರಿಸಿ

ಮಾನ್ಯರೇ,

ದಸರಾ ಮೆರವಣಿಗೇಲಿ ಅಶ್ವಾರೋಹಿ ಪಡೆ ಬಂದಾಗೆಲ್ಲ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಬಗ್ಗೆ, ಅವರು ಬ್ರಿಟಿಷರ ಪರ ಹೋರಾಡಿದ 1918ರ ಹೈಫಾ (ಈಗಿನ ಇಸ್ರೇಲಿನ ಊರು) ಯುದ್ಧದ ಬಗ್ಗೆ ಹೆಮ್ಮೆಯಿಂದ ಮಾತಾಡ್ತೀವಿ, ಮಾತಾಡ್ಲೇಬೇಕು. ಆದ್ರೆ ಆ ಕುದುರೆಗಳಿಗೆ ಮೇವು, ಸವಾರರಿಗೆ ಸಂಬಳ ಬಂದಿದ್ದು ಸಂಸ್ಥಾನದ ಖಜಾನೆಯಿಂದ, ಅಂದ್ರೆ ನಮ್ಮ ರೈತರು ಕಟ್ಟಿದ ಕಂದಾಯದಿಂದ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಅದು ಸಾಲ್ದು ಅಂತ ಬ್ರಿಟಿಷರ ಜೊತೆಗಿನ 1799ರ ಒಪ್ಪಂದದ ಪ್ರಕಾರ ಬ್ರಿಟಿಷ್ ಸೈನ್ಯದ ಖರ್ಚಿಗೂ ಸಂಸ್ಥಾನ ವರ್ಷಾ ವರ್ಷ 7 ಲಕ್ಷ ಪಗೋಡ (ಆಗಿನ ಚಿನ್ನದ ನಾಣ್ಯ), ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕಟ್ಬೇಕಿತ್ತು, ಆಮೇಲೆ 1881ರಲ್ಲಿ ರಾಜ್ಯ ವಾಪಸ್ ಒಡೆಯರ ಕೈಗೆ ಬಂದಾಗ ಅದನ್ನ 35 ಲಕ್ಷಕ್ಕೆ ಏರಿಸೋ ಷರತ್ತು ಹಾಕಿದ್ರು, ಏರಿಕೆ ಜಾರಿಗೆ ಬಂದಿದ್ದು 1896ರಲ್ಲಿ, ಅದರಲ್ಲಿ ಹತ್ತೂವರೆ ಲಕ್ಷ ಬಿಡ್ತೀವಿ ಅಂತ ವೈಸ್‌ರಾಯ್ ಹೇಳಿದ್ದು ನಾಲ್ವಡಿಯವರ ಬೆಳ್ಳಿಹಬ್ಬದ ವರ್ಷ 1927ರಲ್ಲಿ. ಅಷ್ಟು ದುಡ್ಡಲ್ಲಿ ಎಷ್ಟು ಕೆರೆಕಟ್ಟೆ ಆಗ್ತಿತ್ತೋ, ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ಸೈನ್ಯದ ವಿಷಯಾನೂ ಇರುತ್ತೆ, ಎಲ್ಲ ಇಂಗ್ಲಿಷಲ್ಲಿ. ದಯವಿಟ್ಟು ಆ ಭಾಗಗಳನ್ನ ಕನ್ನಡಕ್ಕೆ ತನ್ನಿ, ದಸರಾ ವಸ್ತುಪ್ರದರ್ಶನದಲ್ಲಿ ಅದಕ್ಕೊಂದು ಮಳಿಗೆ ಕೊಡಿ. ನಮ್ಮ ಮಕ್ಕಳು ಬರೀ ಈಟಿ ಕತ್ತಿ ನೋಡಿ ಮನೆಗೆ ಹೋಗೋದು ಬೇಡ.

– ಒಬ್ಬ ಓದುಗ, ಚಾಮರಾಜಪುರಂ, ಮೈಸೂರು