ಹಳೇ ಕಾರಿನ ಬಡಗಿಯ ಹೆಸರನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಹಳೇ ಕಾರುಗಳ ರ‍್ಯಾಲಿ ನಡೆದಾಗಲೆಲ್ಲ ಪತ್ರಿಕೆಗಳಲ್ಲಿ ಚೆಂದದ ಫೋಟೊ ಬರುತ್ತದೆ. ಕಾರು ಯಾವ ಇಸವಿಯದು, ಎಂಜಿನ್ ಎಂಥದ್ದು, ಮಾಲೀಕರು ಯಾರು, ಎಲ್ಲ ಇರುತ್ತದೆ. ಅದರ ಮರಗೆಲಸ ಮಾಡಿದವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಾನು ಬಡಗಿಯ ಮಗ, ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಕಾರಿಗೆ ಎಲ್ಲಿಯ ಮರ ಅಂತ ಜನ ಕೇಳುತ್ತಾರೆ. 1920, 30ರ ದಶಕದ ಎಷ್ಟೋ ಕಾರುಗಳಲ್ಲಿ ಹೊಳೆಯುವ ತಗಡಿನ ಒಳಗೆ ಇರುವುದು ಮರದ ಚೌಕಟ್ಟೇ. ಆಗ ರೋಲ್ಸ್ ರಾಯ್ಸ್ ಕಂಪನಿ ಎಂಜಿನ್ ಕೂರಿಸಿದ ಚಾಸಿ, ಅಂದರೆ ಕಾರಿನ ಅಡಿಯ ಲೋಹದ ಚೌಕಟ್ಟು, ಮಾತ್ರ ಕೊಡುತ್ತಿತ್ತು, ಮೇಲಿನ ಬಾಡಿ ಕಟ್ಟುವವರೇ ಬೇರೆ. ಸಾರೋಟು ಕಟ್ಟಿ ಪಳಗಿದ ಕೈಗಳೇ ಕಾರಿಗೂ ಬಂದವು. ಮದರಾಸಿನಲ್ಲಿ 1840ರಲ್ಲಿ ಶುರುವಾದ ಸಿಂಪ್ಸನ್ ಕಂಪನಿ ಕೂಡ ಕುದುರೆ ಗಾಡಿ ಕಟ್ಟುತ್ತಿದ್ದು, ಆಮೇಲೆ ಮೋಟಾರು ಗಾಡಿಗಳ ಬಾಡಿ ಕಟ್ಟುವ ಕೆಲಸಕ್ಕೆ ಇಳಿಯಿತು. ಇಂಗ್ಲೆಂಡಿನವರು ಆ್ಯಷ್ ಮರ ಬಳಸಿದರು. ಅದರ ನಾರು ಉದ್ದ, ಹಬೆ ಕೊಟ್ಟರೆ ಬಾಗುತ್ತದೆ. ಅಲ್ಲಿನ ಮಾಲ್ವರ್ನ್ ಊರಿನ ಮಾರ್ಗನ್ ಕಾರುಗಳಿಗೆ ಈಗಲೂ ಅದೇ ಮರ. ನಮ್ಮ ಕಡೆ ರಿಪೇರಿಗೆ ತೇಗ ಹಾಕುವುದು ಜಾಸ್ತಿ.

ನಮ್ಮಪ್ಪ ಇಂಥ ಒಂದು ಕಾರಿನ ಕೆಲಸ ಹಿಡಿದಾಗ ನಾನು ಪಕ್ಕದಲ್ಲೇ ಇದ್ದೆ. ಚಕ್ರದ ಮೇಲಿನ ಕಮಾನು, ಬಾಗಿಲಿನ ಕೆಳಗಿನ ಪಟ್ಟಿ, ಅಂದರೆ ಕೆಸರು ನೀರು ನಿಲ್ಲುವ ಕಡೆಯೆಲ್ಲ ಮರ ಪುಡಿಯಾಗಿತ್ತು. ಆ ಪುಡಿ ತುಂಡುಗಳನ್ನೇ ಜೋಡಿಸಿಟ್ಟು ರಟ್ಟಿನಲ್ಲಿ ಅಚ್ಚು ತೆಗೆದರು. ಎಡಗಡೆಯದನ್ನು ತಿರುಗಿಸಿ ಬಲಗಡೆಗೆ ಇಡೋಣ ಅಂದೆ. ಕೈಯಲ್ಲಿ ಕಟ್ಟಿದ ಗಾಡಿ, ಎರಡು ಮಗ್ಗುಲೂ ಒಂದೇ ಇರಲ್ಲ ಅಂದರು. ಅಳೆದು ನೋಡಿದರೆ ಹೌದು, ಬೆರಳಗಲ ವ್ಯತ್ಯಾಸ ಇತ್ತು! ಒದ್ದೆ ಮರದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ ಅಂತ ಹಿತ್ತಾಳೆ ಸ್ಕ್ರೂ ಹಾಕಿದರು. ಒಂದು ಬಾಗಿಲಿಗೇ ಎಂಟು ದಿನ ಹಿಡಿಯಿತು.

ಇನ್ನೊಂದು ಕಾರಿಗೆ ಬೇರೆ ಗ್ಯಾರೇಜಿನವರು ಮರ ತೆಗೆದು ಕಬ್ಬಿಣದ ಆ್ಯಂಗಲ್ ವೆಲ್ಡ್ ಮಾಡಿಬಿಟ್ಟಿದ್ದರು. ಆ ಕಾಲದ ಚಾಸಿ ಹಳ್ಳದಿಣ್ಣೆಯಲ್ಲಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಮರ ಅದರ ಜೊತೆ ಬಳುಕುತ್ತದೆ, ವೆಲ್ಡ್ ಬಳುಕಲ್ಲ. ಕೆಲವೇ ತಿಂಗಳಲ್ಲಿ ತಗಡು ಬಿರುಕು ಬಿಟ್ಟು ಬಾಗಿಲು ಹಾಕಲಾಗದೆ ಆ ಕಾರು ನಮ್ಮಪ್ಪನ ಹತ್ತಿರವೇ ಬಂತು.

ಈ ಕೆಲಸ ಬಲ್ಲವರು ಈಗ ಬಹಳ ಕಡಿಮೆ. ಸೋಫಾ, ವಾರ್ಡ್‌ರೋಬ್ ಮಾಡಿದರೆ ದುಡ್ಡೂ ಬೇಗ, ಹೆಸರೂ ಇದೆ. ಹೀಗಿರುವಾಗ ಹುಡುಗರು ಇದನ್ನು ಯಾಕೆ ಕಲಿಯುತ್ತಾರೆ, ಅಲ್ವಾ? ಧರ್ಮಸ್ಥಳದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಕಾರು ಮ್ಯೂಸಿಯಂನಲ್ಲಿ ಹಳೇ ಕಾರುಗಳನ್ನು ಪ್ರೀತಿಯಿಂದ ಇಟ್ಟಿದ್ದಾರೆ. ಅಂಥ ಕಡೆ ಒಂದೇ ಒಂದು ಬಾಗಿಲಿನ ಒಳಹೊದಿಕೆ ತೆಗೆದು ಮರದ ಜೋಡಣೆ ಕಾಣುವ ಹಾಗೆ ಇಟ್ಟರೆ ಎಷ್ಟು ಚೆನ್ನ. ಮಕ್ಕಳು ಅಲ್ಲಿಂದ ಕದಲಲ್ಲ.

ನಿಮ್ಮಲ್ಲಿ ಕೇಳುವುದು ಇನ್ನೂ ಸಣ್ಣದು. ಮುಂದಿನ ರ‍್ಯಾಲಿಗೆ ನಿಮ್ಮ ವರದಿಗಾರರು ಹೋದಾಗ ಮಾಲೀಕರಿಗೆ ಒಂದು ಪ್ರಶ್ನೆ ಜಾಸ್ತಿ ಕೇಳಲಿ. ಇದರ ಮರಗೆಲಸ ಯಾರದು? ಆ ಹೆಸರನ್ನು ಫೋಟೊದ ಕೆಳಗೆ ಹಾಕಿ.

ಇಂತಿ,
ಓದುಗ, ಮೈಸೂರು