ಮಗಳ ಮೊದಲ ಪರಮಪ್ರಸಾದ, ನನ್ನ ಒಂದಿಷ್ಟು ಥ್ಯಾಂಕ್ಸ್

ಹೋದ ಭಾನುವಾರ ಚರ್ಚಿನಲ್ಲಿ ಮಗಳು ಮೊದಲ ಸಲ ಪರಮಪ್ರಸಾದ (ಫಸ್ಟ್ ಕಮ್ಯುನಿಯನ್) ತಗೊಂಡಳು. ಬಿಳಿ ಫ್ರಾಕು, ತಲೆಗೆ ಹೂವಿನ ಕಿರೀಟ, ಕೈಯಲ್ಲಿ ನಮ್ಮಪ್ಪನ ಜಪಸರ. ಫೋಟೋ ನೋಡಿ ತುಂಬಾ ಜನ ಹಾರೈಸಿದಿರಿ. ಆ ಫೋಟೋದಲ್ಲಿ ಅವಳ ಪಕ್ಕ ನಾನು ನಿಂತಿರುವುದೇ ದೊಡ್ಡ ವಿಷಯ ಅಂತ ಕೆಲವರಿಗೆ ಮಾತ್ರ ಗೊತ್ತು. ಸುಮಾರು ಮೂರು ವರ್ಷ ನಾನು ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಆಗ ನನ್ನ ಕೈ ಬಿಡದೇ ಇದ್ದವರಿಗೆ ಎಲ್ಲರ ಮುಂದೆ ಕೃತಜ್ಞತೆ ಹೇಳಬೇಕು.

ಮೊದಲು, ಹೊಸೂರು ರಸ್ತೆಯ ಸ್ಮಶಾನದಲ್ಲಿ ಗುಂಡಿ ತೋಡುವ ಅಣ್ಣನಿಗೆ.

ಅಪ್ಪ ಲಕ್ವ ಹೊಡೆದು ಎರಡು ವರ್ಷ ಹಾಸಿಗೆ ಹಿಡಿದಿದ್ದರು. ತೀರಿಕೊಂಡ ಬೆಳಿಗ್ಗೆ ಮಣ್ಣಿನ ಚೀಟಿ, ಅಂದರೆ ಮಣ್ಣು ಮಾಡಲು ಒಪ್ಪಿಗೆಯ ಚೀಟಿ, ಬರೆಸಲು ಚರ್ಚಿನ ಆಫೀಸಿಗೆ ಹೋದೆ. ಅಲ್ಲಿದ್ದವರು ರಿಜಿಸ್ಟರ್ ತೆಗೆದರು. ಅಪ್ಪನ ಹೆಸರಿನ ಮುಂದೆ ಬೆರಳಿಟ್ಟು ಖಾಲಿ ಬಿಟ್ಟ ತಿಂಗಳುಗಳನ್ನು ಒಂದೊಂದಾಗಿ ಎಣಿಸಿದರು. "ಇಪ್ಪತ್ತಾರು ತಿಂಗಳ ಚಂದಾ ಬಾಕಿ ಇದೆ. ಕಟ್ಟಿದ ಮೇಲೆ ಚೀಟಿ" ಅಂದರು. ಮನೆಯಲ್ಲಿ ಅಪ್ಪ ಐಸ್ ಪೆಟ್ಟಿಗೆಯಲ್ಲಿದ್ದರು. ನಲವತ್ತು ವರ್ಷ ಅದೇ ಚರ್ಚಿನ ಗಾನವೃಂದದಲ್ಲಿ ಹಾಡಿದ ಮನುಷ್ಯ. ದುಡ್ಡು ಕಟ್ಟಿದೆ. ದೊಡ್ಡ ಮೊತ್ತವೇನೂ ಅಲ್ಲ. ಆದರೆ ಆ ಬೆರಳು ಇವತ್ತಿಗೂ ಕಣ್ಣ ಮುಂದಿದೆ.

ಚೀಟಿ ಹಿಡಿದು ಸ್ಮಶಾನಕ್ಕೆ ಓಡಿದರೆ ಅಣ್ಣ ಆಗಲೇ ಎದೆಮಟ್ಟ ಮಣ್ಣಿನೊಳಗಿದ್ದರು. ಯಾರೋ ಫೋನ್ ಮಾಡಿ ಹೇಳಿದ್ದರಂತೆ. ಚೀಟಿ ಚಾಚಿದೆ. ಅವರು ನೋಡಲೂ ಇಲ್ಲ. "ಅದು ಇರ್ಲಮ್ಮ. ಗುಂಡಿ ಆಯ್ತು. ಅಪ್ಪನ್ನ ಕರ್ಕೊಂಡ್ ಬನ್ನಿ" ಅಂದರು. ಕೈಗೆ ಮೆತ್ತಿದ ಕೆಂಪು ಮಣ್ಣನ್ನು ಪಂಚೆಗೆ ಒರೆಸಿಕೊಂಡು ಶಿಲುಬೆ ಗುರುತು ಹಾಕಿದರು. ಆ ದಿನ ನನ್ನ ಪಾಲಿಗೆ ಚರ್ಚ್ ಅಂತ ಇದ್ದದ್ದು ಅವರೊಬ್ಬರೇ.

ಆಮೇಲೆ ಪೂಜೆಗೆ ಹೋಗುವುದು ನಿಂತಿತು. ಮಕ್ಕಳ ಮೇಲೆ ಪಾದ್ರಿಗಳು ನಡೆಸಿದ ದೌರ್ಜನ್ಯ, ಅದನ್ನು ಎಷ್ಟೋ ದೇಶಗಳಲ್ಲಿ ಬಿಷಪ್‌ಗಳು ಮುಚ್ಚಿಟ್ಟಿದ್ದು, ಎಲ್ಲವನ್ನೂ ಕೂತು ಓದಿದೆ. ಮಾತೆತ್ತಿದರೆ ನಮ್ಮವರೇ "ಚರ್ಚಿನ ಮರ್ಯಾದೆ ತೆಗೀಬೇಡ" ಅನ್ನುತ್ತಿದ್ದರು. ಆಗ ಸಿಕ್ಕಿದವರು ನಿವೃತ್ತರಾದ ಒಬ್ಬ ಫಾದರ್. ಪೂರ್ತಿ ಕೇಳಿಸಿಕೊಂಡರು. "ಮಕ್ಕಳನ್ನ ಕಾಯೋದು ಬಿಟ್ಟು ನಾವು ಹೆಸರು ಕಾಯ್ದೆವು ಮಗಳೇ. ಕ್ಷಮಿಸು" ಅಂದರು. ಇಂಥ ಪ್ರಕರಣಗಳಿಗಿದ್ದ ಗೋಪ್ಯತೆಯ ನಿಯಮವನ್ನು ಪೋಪ್ ಫ್ರಾನ್ಸಿಸ್ ತೆಗೆದುಹಾಕಿದ್ದು 2019ರ ಡಿಸೆಂಬರ್‌ನಲ್ಲಿ. ಅಷ್ಟು ತಡ ಯಾಕಾಯ್ತು ಅಂತ ಕೇಳಿದೆ. "ನನ್ನ ಹತ್ರ ಉತ್ತರ ಇಲ್ಲ" ಅಂದರು. ಆ ಮಾತಿಗೇ ನಾನು ಅವರನ್ನು ನಂಬಿದ್ದು.

ತೋಮನ ಕಥೆ ನೆನಪಿಸಿದವರೂ ಅವರೇ. ಪಾಸ್ಖದ (ಈಸ್ಟರ್) ಮುಂದಿನ ಭಾನುವಾರ ಪ್ರತಿ ವರ್ಷ ಓದುತ್ತಾರಲ್ವಾ, ಯೇಸುವಿನ ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬಲ್ಲ ಅಂದ ಶಿಷ್ಯನದು. "ಹಾಗಂದು ಎಂಟು ದಿನ ಆದ ಮೇಲೂ ತೋಮ ಅವರ ಜೊತೆ ಅದೇ ಮನೆಯಲ್ಲಿದ್ದ ನೋಡು. ಅವನೂ ಬಿಟ್ಟು ಹೋಗಲಿಲ್ಲ, ಉಳಿದವರೂ ಆಚೆ ಹಾಕಲಿಲ್ಲ." ಚಿಕ್ಕಂದಿನಿಂದ ಕೇಳಿದ ಕಥೆ, ಆ ಎಂಟು ದಿನ ಮಾತ್ರ ನನ್ನ ಗಮನಕ್ಕೇ ಬಂದಿರಲಿಲ್ಲ. ಫಾದರ್, ನನಗೆ ಎಂಟು ದಿನ ಸಾಕಾಗಲಿಲ್ಲ. ಮೂರು ವರ್ಷ ಕಾದಿರಿ.

ನಾನು ಹೋಗದ ಭಾನುವಾರಗಳಲ್ಲೂ ಮಗಳನ್ನು ಬಸ್ಸಿನಲ್ಲಿ ಧರ್ಮೋಪದೇಶದ ತರಗತಿಗೆ ಕರೆದುಕೊಂಡು ಹೋದವರು ನಮ್ಮತ್ತೆ. ಒಂದು ದಿನವೂ ಚುಚ್ಚಿ ಮಾತಾಡಲಿಲ್ಲ. ವಾಪಸ್ ಬಂದು ಸುಮ್ನೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರು.

ಆ ತರಗತಿಯ ಸಿಸ್ಟರ್‌ಗೂ ಋಣಿ. "ದೊಡ್ಡವಳಾದ ಮೇಲೆ ನಾನು ಫಾದರ್ ಆಗಬಹುದಾ?" ಅಂತ ಮಗಳು ಕೇಳಿದಾಗ ಅವರು ಬೈಯಲಿಲ್ಲ, ನಗಲೂ ಇಲ್ಲ. "ಆಗಲ್ಲ ಪುಟ್ಟಿ. ಆದ್ರೆ ಕೇಳಿದ್ದು ತಪ್ಪಲ್ಲ" ಅಂದರಂತೆ. 1994ರಲ್ಲಿ ಹೆಣ್ಣುಮಕ್ಕಳು ಪೀಠಸೇವೆ ಮಾಡಲು, ಅಂದರೆ ಪೂಜೆಯಲ್ಲಿ ಫಾದರ್‌ಗೆ ನೆರವಾಗಲು, ರೋಮ್ ಒಪ್ಪಿತು. ಅದೇ ವರ್ಷ, ಹೆಂಗಸರಿಗೆ ಗುರುದೀಕ್ಷೆ ಕೊಟ್ಟು ಫಾದರ್ ಮಾಡುವ ಅಧಿಕಾರ ಚರ್ಚಿಗೆ ಇಲ್ಲವೇ ಇಲ್ಲ ಅಂತ ಪೋಪ್ ಎರಡನೇ ಜಾನ್ ಪೌಲ್ ಬರೆದರು. ಎರಡನ್ನೂ ನನಗೆ ಬಿಡಿಸಿ ಹೇಳಿದವರು ಸಿಸ್ಟರೇ. ನನಗೆ ಇವತ್ತಿಗೂ ಸಮಾಧಾನ ಇಲ್ಲ. 2023ರ ಸಿನೊಡ್‌ನಲ್ಲಿ (ರೋಮ್‌ನಲ್ಲಿ ನಡೆಯುವ ಬಿಷಪ್‌ಗಳ ಮಹಾಸಭೆ) ಮೊದಲ ಸಲ ಹೆಂಗಸರೂ ಮತ ಹಾಕಿದಾಗ ಸಿಸ್ಟರ್ ಫೋನ್ ಮಾಡಿದ್ದರು. ಇಬ್ಬರೂ ಅತ್ತೆವು.

ಅನುಮಾನಗಳು ಹೋಗಿಲ್ಲ. ಕೆಲವು ಭಾನುವಾರ ವಿಶ್ವಾಸ ಸಂಗ್ರಹ, ಅಂದರೆ ನಾವು ನಂಬುವುದನ್ನು ಎಲ್ಲರೂ ಒಟ್ಟಿಗೆ ಹೇಳುವ ಪ್ರಾರ್ಥನೆ, ಹೇಳುವಾಗ ಯಾವುದೋ ಒಂದು ಸಾಲಿಗೆ ಬಾಯಿ ನಿಂತುಬಿಡುತ್ತದೆ. ಅಕ್ಕಪಕ್ಕದವರು ಹೇಳುತ್ತಾ ಹೋಗುತ್ತಾರೆ, ಮುಂದಿನ ಸಾಲಿಗೆ ನಾನು ಸೇರಿಕೊಳ್ಳುತ್ತೇನೆ. ಗೊತ್ತಿಲ್ಲದೇ ನನ್ನ ಸಾಲನ್ನೂ ಹೇಳಿಕೊಟ್ಟ ಆ ಅಕ್ಕಪಕ್ಕದವರಿಗೂ ಥ್ಯಾಂಕ್ಸ್. ಚಂದಾ ಬಾಕಿ ಇದೆ ಅಂತ ಯಾರ ಮಣ್ಣನ್ನೂ ತಡೆಯಬಾರದು ಅಂತ ಚರ್ಚಿನ ಸಮಿತಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಬಂದಿಲ್ಲ. ಮತ್ತೆ ಕೇಳುತ್ತೇನೆ.

ಅಣ್ಣಾ, ನಿಮ್ಮ ಪಾಲಿನ ಕೇಕು ಎತ್ತಿಟ್ಟಿದ್ದೇನೆ. ಈ ಭಾನುವಾರ ಪೂಜೆ ಮುಗಿಸಿ ಮಗಳನ್ನ ಕರ್ಕೊಂಡು ಬರ್ತೀವಿ.