ಅರೆಬರೆ ಡಿಫ್ ಕ್ಯಾಶ್‌ನಲ್ಲಿ ಉಳಿಯದಿರಲಿ

ಮಾನ್ಯ ಸಂಪಾದಕರೇ,

ಮಂಗಳೂರು, ಮಣಿಪಾಲದ ಸಣ್ಣ ಸಾಫ್ಟ್‌ವೇರ್ ಕಚೇರಿಗಳಲ್ಲಿ ಗೆರಿಟ್ (ಸಹೋದ್ಯೋಗಿಗಳ ಕೋಡ್ ಪರಿಶೀಲಿಸುವ ಸಾಧನ) ಸರ್ವರನ್ನು ತಾವೇ ನಡೆಸುವವರ ಗಮನಕ್ಕೆ ಇದು. ರಿವ್ಯೂಗೆ ಬಂದ ದೊಡ್ಡ ಫೈಲ್ ಪೂರ್ತಿ ಕೆಂಪು-ಹಸಿರಾಗಿ ಕಂಡರೆ, ಕೋಡ್ ಬರೆದವರನ್ನು ಬೈಯುವ ಮೊದಲು ಸರ್ವರ್ ಲಾಗ್ ನೋಡಿ. ಗೆರಿಟ್‌ನಲ್ಲಿ ಡಿಫ್ ಲೆಕ್ಕಕ್ಕೆ, ಅಂದರೆ ಫೈಲಿನ ಹಳೆಯ-ಹೊಸ ರೂಪಗಳ ವ್ಯತ್ಯಾಸ ಹುಡುಕಲು, ಡಿಫಾಲ್ಟ್ ಟೈಮ್‌ಔಟ್ (ಕಾಯುವ ಮಿತಿ) 5 ಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಗೆರಿಟ್ ಸರಳ ಹೋಲಿಕೆಗೆ ಇಳಿಯುವುದರಿಂದ ಹೀಗೆ ಕಾಣಬಹುದು. ಸಾಲಿನೊಳಗಿನ ವ್ಯತ್ಯಾಸಕ್ಕೆ ಪ್ರತ್ಯೇಕ 5 ಸೆಕೆಂಡ್. ಈ ಎರಡನೆಯದು ಮೀರಿದರೆ ಆ ಫೈಲಿಗೆ ಪದಮಟ್ಟದ ಬಣ್ಣ ಬರುವುದಿಲ್ಲ, ಅಷ್ಟೇ.

ನಿಜವಾದ ತಲೆನೋವು ಕ್ಯಾಶ್‌ನದು, ಅಂದರೆ ಒಮ್ಮೆ ಲೆಕ್ಕ ಹಾಕಿದ ಉತ್ತರವನ್ನು ಮರುಬಳಕೆಗೆ ಕೂಡಿಡುವ ಜಾಗದ್ದು. ಅದರಲ್ಲಿ ಉತ್ತರ ಹುಡುಕುವ ಕೀಲಿ ಗಿಟ್ ಆಬ್ಜೆಕ್ಟ್ ಐಡಿಗಳು (ಕೋಡಿನ ಆಯಾ ಆವೃತ್ತಿಯ ಗುರುತುಗಳು). ಅವು ಎಂದಿಗೂ ಬದಲಾಗವು. ಹಾಗಾಗಿ ಸರ್ವರ್ ಒತ್ತಡದಲ್ಲಿದ್ದಾಗ ಸಿಕ್ಕ ಅರೆಬರೆ ಉತ್ತರ ಡಿಸ್ಕ್‌ಗೆ ಸೇರಿದರೆ, ಒತ್ತಡ ಇಳಿದ ಮೇಲೂ ಅದೇ ಕಾಣಿಸುತ್ತದೆ. ಪುಟ ರಿಫ್ರೆಶ್ ಮಾಡಿ ಪ್ರಯೋಜನವಿಲ್ಲ. ಅಡ್ಮಿನ್ 29418 ಪೋರ್ಟ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತ ಸಂಪರ್ಕ) ಮೂಲಕ ಫ್ಲಶ್-ಕ್ಯಾಶಸ್ ಆದೇಶ ಕೊಟ್ಟು ಡಿಫ್‌ಗೆ ಸಂಬಂಧಿಸಿದ ಕ್ಯಾಶ್‌ಗಳನ್ನಷ್ಟೇ ಖಾಲಿ ಮಾಡಬೇಕು. ಎಲ್ಲವನ್ನೂ ಖಾಲಿ ಮಾಡಿದರೆ ಸಂಬಂಧವಿಲ್ಲದ ಕ್ಯಾಶ್‌ಗಳೂ ಹೋಗುತ್ತವೆ!

ಇಂಥ ಸಾಧನವನ್ನು ಸ್ವತಃ ಕಟ್ಟುವವರು ಟೈಮ್‌ಔಟ್ ಆದ ಫಲಿತಾಂಶಕ್ಕೆ ಗುರುತು ಹಾಕಿ, ಹತ್ತು ನಿಮಿಷಕ್ಕೆ ಅಳಿಯುವಂತೆ ಮಾಡಲಿ. ಜಾವಾದಲ್ಲಿ ಫ್ಯೂಚರ್ (ಹಿನ್ನೆಲೆಗೆ ಒಪ್ಪಿಸಿದ ಕೆಲಸದ ಹಿಡಿಕೆ) ಕ್ಯಾನ್ಸಲ್ ಮಾಡಿದ ಮಾತ್ರಕ್ಕೆ ಆ ಕೆಲಸ ನಡೆಸುವ ಥ್ರೆಡ್ ನಿಲ್ಲದು. ಹೋಲಿಕೆಯ ಲೂಪ್ ಇಂಟರಪ್ಟ್ (ನಿಲ್ಲಿಸು ಎಂಬ) ಸೂಚನೆಯನ್ನು ಆಗಾಗ ಪರಿಶೀಲಿಸದಿದ್ದರೆ ಅದು ಹಿನ್ನೆಲೆಯಲ್ಲಿ ಸಿಪಿಯು ತಿನ್ನುತ್ತಲೇ ಇರುತ್ತದೆ. ಟೈಮ್‌ಔಟ್ ಮಿತಿಯನ್ನು 30 ಸೆಕೆಂಡ್‌ಗೆ ಏರಿಸುವುದು ನಮ್ಮ ಪ್ರಕಾರ ಕೊನೆಯ ದಾರಿ. ಮೊದಲು ಮಿನಿಫೈ ಮಾಡಿದ (ಖಾಲಿ ಜಾಗ ತೆಗೆದು ಕುಗ್ಗಿಸಿದ) ಜಾವಾಸ್ಕ್ರಿಪ್ಟ್, ಯಂತ್ರ ತಯಾರಿಸಿದ ಜೇಸನ್ (ದತ್ತಾಂಶ) ಫೈಲ್‌ಗಳನ್ನು ಕೋಡಿನ ಭಂಡಾರವಾದ ರೆಪೊಸಿಟರಿಯಿಂದ ಹೊರಗಿಡಿ.

– ಸಾಫ್ಟ್‌ವೇರ್ ಉದ್ಯೋಗಿಗಳು, ಕದ್ರಿ, ಮಂಗಳೂರು